ಕಟಿಂಗ್ ಶಾಪ್‌ನಿಂದ ದುಬಾರಿ ಸಲೂನ್‌ಗೆ: ದುಡ್ಡು ಗೋಡೆಗೆ ಹಾಕೋದಾ, ಕೈಗೆ ಹಾಕೋದಾ?

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಈಗ ಪದೇ ಪದೇ ಕಣ್ಣಿಗೆ ಬೀಳುವ ಬದಲಾವಣೆ ಇದು. ಇಪ್ಪತ್ತು ಮೂವತ್ತು ವರ್ಷದಿಂದ ನಡೆಯುತ್ತಿದ್ದ ಕಟಿಂಗ್ ಶಾಪ್ ಒಂದು ತಿಂಗಳು ಬಾಗಿಲು ಹಾಕುತ್ತದೆ. ಮತ್ತೆ ತೆರೆದಾಗ ಗಾಜಿನ ಬಾಗಿಲು, ಕಪ್ಪು ಗೋಡೆ, ಹಳದಿ ದೀಪ, ಮೇಲೆ ‘ಯೂನಿಸೆಕ್ಸ್ ಸಲೂನ್’ ಅಂತ ಬೋರ್ಡು. 150 ರೂಪಾಯಿ ಇದ್ದ ಕಟಿಂಗ್ 350 ಆಗಿರುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಗಾಜಿನ ಮೇಲೆ ‘ಹೇರ್‌ಕಟ್ 199 ಮಾತ್ರ’ ಎಂಬ ಸ್ಟಿಕ್ಕರ್ ಬಂದಿರುತ್ತದೆ. ಎಲ್ಲ ಕಡೆ ಹೀಗೇ ಆಗುತ್ತದೆ ಅಂತಲ್ಲ. ಆದರೆ ಸಾಕಷ್ಟು ಕಡೆ ಆಗುತ್ತದೆ.

ಮೇಲ್ದರ್ಜೆಗೆ ಹೋಗಬೇಕು ಎಂಬ ಆಸೆ ತಪ್ಪಲ್ಲ. ಬಾಡಿಗೆ ಏರಿದೆ, ಕೆಲಸಗಾರರು ಸಿಗುತ್ತಿಲ್ಲ, 150 ರೂಪಾಯಿಯ ಕಟಿಂಗ್‌ನಲ್ಲಿ ಮಕ್ಕಳನ್ನು ಓದಿಸುವುದು ಕಷ್ಟ. ಮೇಲಿಂದ ದೊಡ್ಡ ಚೈನ್‌ಗಳ ಒತ್ತಡವಿದೆ. ಚೆನ್ನೈನಲ್ಲಿ ಹುಟ್ಟಿದ ನ್ಯಾಚುರಲ್ಸ್, ಗ್ರೀನ್ ಟ್ರೆಂಡ್ಸ್ ಕರ್ನಾಟಕದ ಊರುಗಳಿಗೂ ಬಂದಿವೆ. ಇನ್ನೊಂದು ಪಕ್ಕದಲ್ಲಿ ಅರ್ಬನ್ ಕಂಪನಿಯಂಥವರು ಮನೆಗೇ ಬಂದು ಕೂದಲು ಕತ್ತರಿಸಿ, ನೆಲ ಗುಡಿಸಿ ಹೋಗುತ್ತಾರೆ. 2014ರಲ್ಲಿ ಶುರುವಾದ ಆ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಗೂ ಬಂತು. ನಡುವೆ ಸಿಕ್ಕಿಕೊಂಡವರು ಬೀದಿಬದಿಯ ಹಳೇ ಅಂಗಡಿಯವರು. ಇವರೇನು ಕಡಿಮೆ ಜನ ಅಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ರಾಜ್ಯ ಸರ್ಕಾರ ತಲಾ 5,000 ರೂಪಾಯಿ ಪರಿಹಾರ ಘೋಷಿಸಿದಾಗ ಕ್ಷೌರಿಕರ ಸಂಖ್ಯೆಯನ್ನು ಸುಮಾರು 2.3 ಲಕ್ಷ ಅಂತ ಲೆಕ್ಕ ಹಾಕಿತ್ತು.

ನನ್ನ ವಾದ ಇಷ್ಟೇ. ಅಂಗಡಿಯನ್ನು ಮೇಲ್ದರ್ಜೆಗೆ ಏರಿಸಲು ಹೊರಟವರು ಖರ್ಚಿನ ಕ್ರಮವನ್ನು ತಲೆಕೆಳಗು ಮಾಡುತ್ತಿದ್ದಾರೆ. ಮೊದಲು ಇಂಟೀರಿಯರ್, ಆಮೇಲೆ ರೇಟು, ಕೊನೆಗೆ ದುಡ್ಡು ಉಳಿದರೆ ಕೆಲಸಗಾರರ ತರಬೇತಿ. 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಬದಲಾದ ಮೇಲಂತೂ ಈ ಕ್ರಮ ಇನ್ನೂ ದುಬಾರಿಯಾಗಿದೆ. ಆ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾಕೆಂದರೆ ‘ತೆರಿಗೆ 18ರಿಂದ 5ಕ್ಕೆ ಇಳಿಯಿತು’ ಎಂಬ ಸುದ್ದಿ ಓದಿ ಖುಷಿಪಟ್ಟವರಲ್ಲಿ ಎಷ್ಟೋ ಜನ ಅದರ ಮುಂದಿನ ಸಾಲು ಓದಿಲ್ಲ.

ಐದು ಪರ್ಸೆಂಟ್‌ನ ಇನ್ನೊಂದು ಮುಖ

2025ರ ಸೆಪ್ಟೆಂಬರ್ 22ರಿಂದ ಸಲೂನ್, ಜಿಮ್, ಯೋಗ ಕೇಂದ್ರಗಳ ಸೇವೆಗೆ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಆದರೆ ಜೊತೆಗೊಂದು ಷರತ್ತಿದೆ: ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಅಂದರೆ ಕುರ್ಚಿ, ಕನ್ನಡಿ, ಬಾಡಿಗೆ ಇವಕ್ಕೆಲ್ಲ ಅಂಗಡಿಯವರು ಕೊಟ್ಟ ತೆರಿಗೆಯನ್ನು ಮೊದಲು ಗಿರಾಕಿಯಿಂದ ವಸೂಲಿ ಮಾಡಿದ ತೆರಿಗೆಯಿಂದ ಕಳೆಯಬಹುದಿತ್ತು. ಈಗ ಆಗದು. ಕೊಟ್ಟ ತೆರಿಗೆ ಖರ್ಚಿಗೇ ಸೇರುತ್ತದೆ.

ಒಂದು ಕಾಲ್ಪನಿಕ ಅಂಗಡಿ ಇಟ್ಟುಕೊಳ್ಳಿ. ನಾಲ್ಕು ಕುರ್ಚಿ, ದಿನಕ್ಕೆ 40 ಕಟಿಂಗ್, ಒಂದಕ್ಕೆ 150 ರೂಪಾಯಿ. ಮಂಗಳವಾರ ರಜೆ. ತಿಂಗಳಿಗೆ 26 ದಿನ ಅಂದರೆ 1,56,000 ರೂಪಾಯಿ ವ್ಯಾಪಾರ. ವರ್ಷಕ್ಕೆ 18.72 ಲಕ್ಷ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ. ಹಾಗಾಗಿ ಈ ಅಂಗಡಿ ತೆರಿಗೆಯ ಗೊಡವೆಯೇ ಇಲ್ಲದೆ ಬದುಕುತ್ತಿದೆ.

ಈಗ ಅದೇ ಅಂಗಡಿ ಮೇಲ್ದರ್ಜೆಗೆ ಹೋಯಿತು ಅನ್ನೋಣ. ತಲೆ ತೊಳೆಯುವುದೂ ಸೇರಿ ಒಂದು ಕಟಿಂಗ್‌ಗೆ 350, ಮಂಗಳವಾರವೂ ಸೇರಿ ತಿಂಗಳಿಗೆ 30 ದಿನ ಬಾಗಿಲು ತೆರೆದಿರುತ್ತದೆ. ದಿನಕ್ಕೆ 26 ಜನ ಬರುತ್ತಾರೆ. ಅಂದರೆ ಹಳೆಯವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಕಡಿಮೆಯಾದರು. ಆದರೂ ತಿಂಗಳಿಗೆ 2,73,000, ವರ್ಷಕ್ಕೆ 32.76 ಲಕ್ಷ. ಮೊದಲು ಅರ್ಧ ಗಂಟೆಗೆ ಮುಗಿಯುತ್ತಿದ್ದ ಕೆಲಸ ಈಗ 50 ನಿಮಿಷ ಹಿಡಿಯುತ್ತದೆ. ಜನ ಕಡಿಮೆ, ಹೊತ್ತು ಜಾಸ್ತಿ. ಒಂದು ಕುರ್ಚಿ ದಿನಕ್ಕೆ ದುಡಿಯುವುದು ಆಗಲೂ ಐದು ಗಂಟೆ, ಈಗಲೂ ಐದು ಗಂಟೆ ಚಿಲ್ಲರೆ. ಕಾಗದದ ಮೇಲೆ ಅದ್ಭುತ ಅಲ್ವಾ?

ತೆರಿಗೆ ಸೇರಿಸಿ ನೋಡಿ. ವ್ಯಾಪಾರ 20 ಲಕ್ಷ ದಾಟಿತು, ನೋಂದಣಿ ಕಡ್ಡಾಯ. 350ರೊಳಗೇ ತೆರಿಗೆ ಸೇರಿದೆ ಅಂದರೆ 5 ಪರ್ಸೆಂಟ್ ಲೆಕ್ಕದಲ್ಲಿ ವರ್ಷಕ್ಕೆ 1.56 ಲಕ್ಷ ಸರ್ಕಾರಕ್ಕೆ. ತಿಂಗಳ ಬಾಡಿಗೆ 60,000 ಅಂದುಕೊಳ್ಳಿ. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೂ, 2024ರ ಅಕ್ಟೋಬರ್ 10ರಿಂದ ನೋಂದಾಯಿತ ಬಾಡಿಗೆದಾರನೇ 18 ಪರ್ಸೆಂಟ್ ಕಟ್ಟಬೇಕು. ಅದು ವರ್ಷಕ್ಕೆ 1.30 ಲಕ್ಷ, ವಾಪಸ್ ಬರುವುದಿಲ್ಲ. ಇನ್ನು ಕುರ್ಚಿ, ಕನ್ನಡಿ, ಪೀಠೋಪಕರಣಕ್ಕೆ 12 ಲಕ್ಷ ಹಾಕಿದರೆ ಅದರ ಮೇಲೆ 2.16 ಲಕ್ಷ ತೆರಿಗೆ. ಅದೂ ವಾಪಸ್ ಇಲ್ಲ. ಒಟ್ಟು ಮೊದಲ ವರ್ಷ 5 ಲಕ್ಷದ ಮೇಲೆ ಸ್ವಲ್ಪ.

ಹಳೇ 18ರ ಪದ್ಧತಿಯಲ್ಲಿ ಇದೇ ಅಂಗಡಿಯ ತೆರಿಗೆ ಹೊರೆ ಎಷ್ಟಿತ್ತು? 350ರೊಳಗೆ 18 ಪರ್ಸೆಂಟ್ ಅಂದರೆ ವರ್ಷಕ್ಕೆ ಸುಮಾರು 5 ಲಕ್ಷ. ಕುರ್ಚಿಗೆ, ಬಾಡಿಗೆಗೆ ಕಟ್ಟಿದ್ದೆಲ್ಲ ಅದರೊಳಗೇ ವಜಾ ಆಗುತ್ತಿತ್ತು. ಅಂದರೆ ಗೋಡೆಗೆ ಜಾಸ್ತಿ ಸುರಿದ ಅಂಗಡಿಗೆ ಮೊದಲ ವರ್ಷ 18 ಇದ್ದರೂ ಅಷ್ಟೇ, 5 ಆದರೂ ಅಷ್ಟೇ. ಇಂಟೀರಿಯರ್ ಖರ್ಚನ್ನು 12ರ ಬದಲು 4 ಲಕ್ಷಕ್ಕೆ ಇಳಿಸಿದರೆ ಹೊಸ ಪದ್ಧತಿಯಲ್ಲಿ ಹೊರೆ ಮೂರೂವರೆ ಲಕ್ಷದ ಹತ್ತಿರಕ್ಕೆ ಬರುತ್ತದೆ. ಕೆಲಸಗಾರರ ಸಂಬಳದ ಮೇಲೆ ಜಿಎಸ್‌ಟಿ ಇಲ್ಲ ಎಂಬುದನ್ನು ಇಲ್ಲಿ ನೆನಪಿಡಿ. ಹೊಸ ತೆರಿಗೆ ಸುಮ್ನೆ ಒಂದು ಕಡೆಗೆ ವಾಲಿದೆ: ಮನುಷ್ಯರ ಮೇಲೆ ಖರ್ಚು ಮಾಡುವ ಅಂಗಡಿಗೆ ಅನುಕೂಲ, ಮಾರ್ಬಲ್ ಮೇಲೆ ಖರ್ಚು ಮಾಡುವ ಅಂಗಡಿಗೆ ಇಲ್ಲ.

ಇನ್ನೂ ಒಂದು ದಾರಿ ಇದೆ. ವ್ಯಾಪಾರ 50 ಲಕ್ಷದೊಳಗೆ ಇದ್ದರೆ ಕಾಂಪೊಸಿಷನ್ ಪದ್ಧತಿಗೆ, ಅಂದರೆ ಒಟ್ಟು ವ್ಯಾಪಾರದ ಮೇಲೆ ನಿಗದಿತ ಪರ್ಸೆಂಟ್ ಕಟ್ಟಿಬಿಡುವ ಸರಳ ಪದ್ಧತಿಗೆ, ಹೋಗಬಹುದು. ಸೇವೆಗೆ ಅಲ್ಲಿ 6 ಪರ್ಸೆಂಟ್, ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ. ಆದರೆ ಬಾಡಿಗೆಯ ಮೇಲಿನ ಆ 18 ಪರ್ಸೆಂಟ್‌ನಿಂದ ಅವರಿಗೆ ವಿನಾಯಿತಿ ಇದೆ. ನಮ್ಮ ಅಂಗಡಿಯ ಲೆಕ್ಕದಲ್ಲಿ ವರ್ಷಕ್ಕೆ 1.97 ಲಕ್ಷ. ಸಾಮಾನ್ಯ ಪದ್ಧತಿಯಲ್ಲಿ ಬಾಡಿಗೆ ತೆರಿಗೆಯೂ ಸೇರಿ 2.86 ಲಕ್ಷ ಆಗುತ್ತಿತ್ತು. 5ಕ್ಕಿಂತ 6 ಅಗ್ಗ ಎಂಬುದು ವಿಚಿತ್ರ, ಆದರೆ ನಿಜ. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇದೆಯೇ, ಬಾಡಿಗೆ ಎಷ್ಟು ಎಂಬುದರ ಮೇಲೆ ಇದು ತಿರುಗುಮುರುಗಾಗಬಹುದು. ಒಂದು ಸಂಜೆ ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿಸುವುದು ಒಳ್ಳೆಯದು. ಒಂದು ತಮಾಷೆ ಮಾತ್ರ ತಪ್ಪಿಸಲಾಗದು: ಕಾಂಪೊಸಿಷನ್ ತೆರಿಗೆದಾರ ಎಂಬುದನ್ನು ಬೋರ್ಡಿನಲ್ಲೇ ಹಾಕಬೇಕು ಅಂತ ನಿಯಮ. ಬೋರ್ಡಿನ 60 ಪರ್ಸೆಂಟ್ ಕನ್ನಡ ಇರಬೇಕು ಎಂಬ 2024ರ ಕಾನೂನೂ ಇದೆ. ಫ್ರೆಂಚ್ ಹೆಸರಿಟ್ಟು ಸಣ್ಣ ಬಂಗಾರದ ಅಕ್ಷರದಲ್ಲಿ ಬರೆಸುವ ಕನಸು ಕಂಡವರು ಡಿಸೈನರ್‌ಗೆ ಮೊದಲೇ ಹೇಳುವುದು ವಾಸಿ.

‘ನಾವು ನಗದಲ್ಲೇ ತಗೋತೀವಿ ಬಿಡಿ’ ಅನ್ನುವ ಕಾಲವೂ ಮುಗಿಯಿತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನಲ್ಲಿ ‘ನೋ ಯುಪಿಐ’ ಚೀಟಿಗಳು ಅಂಟಿದ್ದು ನೆನಪಿದೆಯಲ್ಲ. 350 ಕೊಡುವ ಗಿರಾಕಿ ಕ್ಯೂಆರ್ ಕೋಡ್ ಇಲ್ಲ ಅಂದರೆ ಇನ್ನೊಂದು ಸಲ ಬರುವುದಿಲ್ಲ.

350 ಕೊಡುವವನು ಕೊಳ್ಳುವುದು ಏನನ್ನು?

150ರ ಅಂಗಡಿಯಲ್ಲಿ ಮಾರುವುದು ಕೂದಲು ಕತ್ತರಿಸುವ ಕೆಲಸವನ್ನು. ‘ಅಣ್ಣಾ, ಎಷ್ಟು ಹೊತ್ತಾಗುತ್ತೆ?’ ಅಂತ ಬಾಗಿಲಲ್ಲಿ ನಿಂತು ಕೇಳುತ್ತಾರೆ. ‘ಬನ್ನಿ ಸರ್, ಇದೊಂದೇ, ಆಯ್ತು’ ಅಂತ ಉತ್ತರ. ಒಳಗೆ ಇನ್ನೂ ಮೂವರು ಪೇಪರ್ ಓದುತ್ತಾ ಕೂತಿರುತ್ತಾರೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕಾಯುವುದು ಅಲ್ಲಿ ಮಾಮೂಲು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಟಿವಿಯಲ್ಲಿ ಏನೋ ಓಡುತ್ತಿರುತ್ತದೆ.

350ರ ಗಿರಾಕಿ ಕೊಳ್ಳುವುದು ಕಾಯದೇ ಇರುವುದನ್ನು. ಹನ್ನೊಂದಕ್ಕೆ ಬನ್ನಿ ಅಂದರೆ ಹನ್ನೊಂದಕ್ಕೆ ಕುರ್ಚಿ ಖಾಲಿ ಇರಬೇಕು. ಹೋದ ಸಲ ಕತ್ತರಿಸಿದವರೇ ಈ ಸಲವೂ ಇರಬೇಕು. ಕುತ್ತಿಗೆಗೆ ಕಟ್ಟುವ ಬಟ್ಟೆಯಲ್ಲಿ ಹಿಂದಿನವರ ಕೂದಲು ಇರಬಾರದು. ಇದರಲ್ಲಿ ಯಾವುದಕ್ಕೂ ಕಪ್ಪು ಗೋಡೆ ಬೇಕಿಲ್ಲ. ಒಂದು ಬುಕಿಂಗ್ ಆ್ಯಪ್, ಇಲ್ಲದಿದ್ದರೆ ವಾಟ್ಸ್‌ಆ್ಯಪ್ ನಂಬರು ಮತ್ತು ಒಂದು ನೋಟ್‌ಬುಕ್, ಒಮ್ಮೆ ಬಳಸಿ ಬಿಸಾಡುವ ಶೀಟು, ಪ್ರತಿ ಗಿರಾಕಿಗೆ ಹೊಸ ಬ್ಲೇಡು, ತೊಳೆದ ಟವೆಲ್. ಕೊರೊನಾ ಸಮಯದಲ್ಲಿ ಇದನ್ನೆಲ್ಲ ಮಾಡಿ ಅಭ್ಯಾಸ ಇರುವವರೇ. ಆಮೇಲೆ ಬಿಟ್ಟರು ಅಷ್ಟೇ.

ಜೊತೆಗೆ ಶೌಚಾಲಯ. ಇಂಟೀರಿಯರ್ ಡಿಸೈನರ್ ತೋರಿಸುವ ಚಿತ್ರದಲ್ಲಿ ಇದು ಇರುವುದೇ ಇಲ್ಲ. ನಮ್ಮ ಬೀದಿಬದಿಯ ಸಣ್ಣ ಮಳಿಗೆಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಶೌಚಾಲಯ ಇಲ್ಲ. ಯೂನಿಸೆಕ್ಸ್ ಅಂತ ಬೋರ್ಡು ಹಾಕಿ, ಕಲರಿಂಗ್‌ಗೋ ಕೂದಲು ನಯ ಮಾಡುವ ಸ್ಮೂದನಿಂಗ್‌ಗೋ ಒಬ್ಬ ಹೆಣ್ಣುಮಗಳನ್ನು ಮೂರು ಗಂಟೆ ಕೂರಿಸಿಕೊಂಡು ಶೌಚಾಲಯ ಇಲ್ಲ ಅಂದರೆ ಹೇಗೆ? ಒಬ್ಬ ಮಹಿಳಾ ಕೆಲಸಗಾರ್ತಿಯನ್ನಾದರೂ ಹೇಗೆ ಇಟ್ಟುಕೊಳ್ಳುತ್ತೀರಿ? ಗಂಡಸರ ಅಂಗಡಿಯಾಗಿದ್ದದ್ದು ಯೂನಿಸೆಕ್ಸ್ ಆಗಲು ಹೋಗಿ ಸೋಲುವುದಕ್ಕೆ ಇದು ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ಜಾಗ ಇಲ್ಲದವರು ಗಂಡಸರ ಸಲೂನ್ ಆಗಿಯೇ ಮೇಲ್ದರ್ಜೆಗೆ ಹೋಗುವುದು ಮೇಲು. ಗಡ್ಡದ ವಿನ್ಯಾಸ, ಬಿಳಿಕೂದಲಿನ ಕಲರಿಂಗ್, ಒಳ್ಳೆಯ ಹೆಡ್ ಮಸಾಜ್ ಇಷ್ಟರಲ್ಲೇ ಸಾಕಷ್ಟು ದುಡಿಮೆ ಇದೆ.

ಹೆಡ್ ಮಸಾಜ್ ಅಂದಾಗ ಕುತ್ತಿಗೆಯನ್ನು ‘ಟಕ್’ ಅನ್ನಿಸುವ ಹಳೇ ರೂಢಿಯ ಬಗ್ಗೆ ಒಂದು ಮಾತು. ದಯವಿಟ್ಟು ಅದನ್ನು ಬಿಡಿ. ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾದರೆ ಪಾರ್ಶ್ವವಾಯು ಆಗಬಹುದು. ಹಾಗೇ ತಲೆ ತೊಳೆಯುವ ಬೇಸಿನ್. ತಲೆಯನ್ನು ಹಿಂದಕ್ಕೆ ಬಗ್ಗಿಸಿ ತುಂಬ ಹೊತ್ತು ಇಟ್ಟಾಗ ಆಗುವ ಅಪರೂಪದ ಅಪಾಯಕ್ಕೆ ಅಮೆರಿಕದ ವೈದ್ಯರೊಬ್ಬರು 1993ರಲ್ಲೇ ‘ಬ್ಯೂಟಿ ಪಾರ್ಲರ್ ಸ್ಟ್ರೋಕ್’ ಅಂತ ಹೆಸರಿಟ್ಟಿದ್ದರು. ಬೇಸಿನ್ ಅಂಚಿಗೆ ಮೆತ್ತನೆಯ ಆಸರೆ, ಎತ್ತರ ಹೊಂದಿಸಬಹುದಾದ ಕುರ್ಚಿ, ಬೇಗ ಮುಗಿಸುವ ಅಭ್ಯಾಸ. ಇಂಟೀರಿಯರ್‌ನಲ್ಲಿ ದುಡ್ಡು ಹಾಕಲೇಬೇಕಾದ ಜಾಗ ಯಾವುದು ಅಂತ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ದುಬಾರಿ ಸಲೂನ್‌ನ ನಿಜವಾದ ಲಾಭ ಕಟಿಂಗ್‌ನಲ್ಲಿ ಇಲ್ಲ. ಕಲರಿಂಗ್, ಕೆರಾಟಿನ್, ಸ್ಮೂದನಿಂಗ್‌ನಂಥ ಸಾವಿರಾರು ರೂಪಾಯಿಯ ಕೆಲಸಗಳಲ್ಲಿದೆ. ಅಪಾಯವೂ ಅಲ್ಲೇ. ಕೂದಲು ನೇರ ಮಾಡುವ ಕೆಲವು ಉತ್ಪನ್ನಗಳಲ್ಲಿ ಫಾರ್ಮಾಲ್ಡಿಹೈಡ್ ಎಂಬ ಹಾನಿಕಾರಕ ಅನಿಲ ಬಿಡುಗಡೆಯಾಗುತ್ತದೆ. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದಿಂದ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣ 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಡೈ ಹಚ್ಚುವ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ನೋಡುವ ಪ್ಯಾಚ್ ಟೆಸ್ಟ್ ಪ್ಯಾಕೆಟ್ ಮೇಲೇ ಬರೆದಿರುತ್ತದೆ, ಮಾಡುವವರು ಕಡಿಮೆ. ‘ಇವತ್ತು ಟೆಸ್ಟ್ ಮಾಡ್ತೀವಿ, ಕಲರಿಂಗ್‌ಗೆ ನಾಡಿದ್ದು ಬನ್ನಿ’ ಅನ್ನುವ ಅಂಗಡಿಗೆ ಗಿರಾಕಿ ಒಂದು ದಿನ ಮುನಿಸಿಕೊಳ್ಳಬಹುದು. ಆದರೆ ಜಾಸ್ತಿ ದುಡ್ಡು ಯಾಕೆ ಕೊಡುತ್ತಿದ್ದೇನೆ ಎಂಬುದು ಅವರಿಗೆ ಅವತ್ತೇ ಅರ್ಥವಾಗುತ್ತದೆ.

ಕುರ್ಚಿಯ ಹಿಂದೆ ನಿಂತವರು

ಹಳೇ ಕಟಿಂಗ್ ಶಾಪ್‌ಗಳಲ್ಲಿ ಪರ್ಸಂಟೇಜ್ ಪದ್ಧತಿ ಸಾಮಾನ್ಯ. ಆ ದಿನ ಮಾಡಿದ ಕೆಲಸದಲ್ಲಿ ಇಷ್ಟು ಪಾಲು ಕೆಲಸಗಾರನಿಗೆ, ಇಷ್ಟು ಮಾಲೀಕನಿಗೆ. ಸರಳ ವ್ಯವಸ್ಥೆ. ಅದಕ್ಕೇ ಎಲ್ಲರ ಕೈ ಬೇಗ ಓಡುತ್ತದೆ. ಹೆಚ್ಚು ತಲೆ, ಹೆಚ್ಚು ದುಡ್ಡು. ಮೇಲ್ದರ್ಜೆಯ ಅಂಗಡಿಗೆ ಬೇಕಾದದ್ದು ಇದರ ಉಲ್ಟಾ: ಕೈ ನಿಧಾನವಾಗಬೇಕು, ಮೊದಲು ಮಾತಾಡಬೇಕು, ‘ಈ ಕಟ್ ನಿಮ್ಮ ಕೂದಲಿಗೆ ನಿಲ್ಲಲ್ಲ ಸರ್’ ಅಂತ ಹೇಳುವ ಧೈರ್ಯ ಬೇಕು. ಹಳೇ ಪರ್ಸಂಟೇಜ್ ಹಾಗೇ ಇಟ್ಟು ‘ನಿಧಾನ ಮಾಡ್ರಪ್ಪಾ’ ಅಂದರೆ ಯಾರೂ ಮಾಡುವುದಿಲ್ಲ.

ಚೈನ್ ಸಲೂನ್‌ಗಳಲ್ಲಿ ನಿಗದಿತ ಸಂಬಳ, ಅದರ ಮೂರ್ನಾಲ್ಕು ಪಟ್ಟು ವ್ಯಾಪಾರ ತಂದರೆ ಮೇಲೆ ಇನ್ಸೆಂಟಿವ್. ಇದರ ಕೆಟ್ಟ ಪರಿಣಾಮ ನಮಗೆಲ್ಲ ಗೊತ್ತು. ಕೂತ ತಕ್ಷಣ ‘ಸರ್ ಡ್ಯಾಂಡ್ರಫ್ ಜಾಸ್ತಿ ಇದೆ, ಹೇರ್ ಸ್ಪಾ ಮಾಡ್ಲಾ? ಫೇಶಿಯಲ್ ಆಫರ್ ಇದೆ’ ಅಂತ ಶುರು. ಹಳೇ ಗಿರಾಕಿ ಓಡಿಹೋಗುವುದು ಎಷ್ಟೋ ಸಲ ರೇಟಿಗಲ್ಲ, ಈ ಕಾಟಕ್ಕೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ಅಂಗಡಿಗೆ ಒಳ್ಳೆಯದು ಸಂಬಳದ ಜೊತೆಗೆ, ಮತ್ತೆ ಮತ್ತೆ ಅದೇ ಕೆಲಸಗಾರನನ್ನು ಕೇಳಿಕೊಂಡು ಬರುವ ಗಿರಾಕಿಗಳ ಲೆಕ್ಕದಲ್ಲಿ ಬೋನಸ್. ಬುಕಿಂಗ್ ಪುಸ್ತಕ ಇದ್ದರೆ ಈ ಲೆಕ್ಕ ಕಷ್ಟವಲ್ಲ.

ತರಬೇತಿಗೆ ಕೈಯಿಂದ ದೊಡ್ಡ ದುಡ್ಡು ಹಾಕಬೇಕಿಲ್ಲ. ಲೋರಿಯಲ್‌ನಂಥ ಕಂಪನಿಗಳು ತಮ್ಮ ಉತ್ಪನ್ನ ಬಳಸುವ ಸಲೂನ್‌ಗಳಿಗೆ ತರಬೇತಿ ಕೊಡುತ್ತವೆ. ಆದರೆ ಬದಲಿಗೆ ಇಷ್ಟು ಮಾಲು ತೆಗೆದುಕೊಳ್ಳಬೇಕು ಎಂಬ ಒಪ್ಪಂದ ಇದ್ದರೆ ಓದಿ ಸಹಿ ಹಾಕಿ. ಕಪಾಟಿನಲ್ಲಿ ಶಾಂಪೂ ಬಾಟಲಿ ಧೂಳು ಹಿಡಿಯುತ್ತಾ ಕೂತರೆ ಅದೂ ಗೋಡೆಗೆ ಹಾಕಿದ ದುಡ್ಡೇ.

ತರಬೇತಿ ಕೊಟ್ಟ ಮೇಲೆ ಹುಡುಗ ಬಿಟ್ಟು ಹೋದರೆ? ಹೋಗುತ್ತಾನೆ. ಈಶಾನ್ಯ ರಾಜ್ಯಗಳಿಂದ, ಉತ್ತರ ಪ್ರದೇಶ, ಬಿಹಾರದಿಂದ ಬಂದವರು ಬೆಂಗಳೂರಿನ ಸಲೂನ್‌ಗಳ ಬೆನ್ನೆಲುಬು. ಎರಡು ಸಾವಿರ ಜಾಸ್ತಿ ಕೊಡುತ್ತೇವೆ ಅಂದರೆ ಮುಂದಿನ ಕ್ರಾಸ್‌ಗೆ ಹೋಗುತ್ತಾರೆ, ತಮ್ಮ ಗಿರಾಕಿಗಳ ನಂಬರನ್ನೂ ಜೊತೆಗೆ ಒಯ್ಯುತ್ತಾರೆ. ಇದಕ್ಕೆ ಪೂರ್ತಿ ಔಷಧ ಇಲ್ಲ. ಇರಲು ಒಂದು ರೂಮು, ಇಎಸ್‌ಐ, ಪಿಎಫ್, ವಾರಕ್ಕೊಂದು ರಜೆ ಕೊಡುವ ಅಂಗಡಿಯಲ್ಲಿ ಜನ ಸ್ವಲ್ಪ ಜಾಸ್ತಿ ದಿನ ನಿಲ್ಲುತ್ತಾರೆ.

ರಜೆ ಅಂದಾಗ ಮಂಗಳವಾರ ಬರುತ್ತದೆ. ನಮ್ಮ ಕಡೆ ಮಂಗಳವಾರ ಕ್ಷೌರ ಮಾಡಿಸುವುದಿಲ್ಲ, ಅಂಗಡಿಗೂ ಅವತ್ತೇ ರಜೆ. ಅಮಾವಾಸ್ಯೆ, ಶನಿವಾರ, ಹೊತ್ತು ಮುಳುಗಿದ ಮೇಲೆ ಬೇಡ ಅನ್ನುವವರೂ ಇದ್ದಾರೆ. ಅಯ್ಯಪ್ಪ ಮಾಲೆ ಹಾಕುವ ತಿಂಗಳುಗಳಲ್ಲಿ ಗಡ್ಡದ ಗಿರಾಕಿಗಳೇ ಕಮ್ಮಿ. ದುಬಾರಿ ಸಲೂನ್‌ಗಳು ಮಂಗಳವಾರ ತೆರೆದು ಐಟಿ ಜನರನ್ನು ಸೆಳೆಯುತ್ತವೆ. ಹಾಗಂತ ಹಳೇ ಅಂಗಡಿ ಏಕಾಏಕಿ ಏಳೂ ದಿನ ತೆರೆದರೆ ಅದೇ ನಾಲ್ಕು ಜನ ಏಳು ದಿನ ದುಡಿಯಬೇಕಾಗುತ್ತದೆ. ಮೇಲಿನ ಲೆಕ್ಕದಲ್ಲಿ 30 ದಿನ ಅಂತ ಬರೆದೆನಲ್ಲ, ಅದಕ್ಕೆ ಐದನೆಯ ಕೆಲಸಗಾರ ಬೇಕು. ಅವನ ಸಂಬಳವನ್ನು ಎಷ್ಟೋ ಜನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಹಳೇ ಗಿರಾಕಿ ಮತ್ತು ಹಳೇ ಹೆಸರು

ಒಂದೇ ದಿನ 150ರಿಂದ 350ಕ್ಕೆ ಹಾರುವುದು ಬೇಡ. ಮೊದಲು ಬುಕಿಂಗ್, ಶುಚಿತ್ವ ತಂದು 180 ಮಾಡಿ. ಬೇಸಿನ್ ಬಂದ ಮೇಲೆ 250. ಅನುಭವಿ ಕೈಗೆ ಒಂದು ರೇಟು, ಹೊಸಬರ ಕೈಗೆ ಕಡಿಮೆ ರೇಟು ಇಟ್ಟರೆ ನಿವೃತ್ತ ಮೇಷ್ಟ್ರಿಗೂ ಜಾಗ ಉಳಿಯುತ್ತದೆ, ಕಲಿಯುವ ಹುಡುಗನಿಗೂ ತಲೆ ಸಿಗುತ್ತದೆ. ಇನ್ನೊಂದು ಉಪಾಯ: ವಾರದ ದಿನಗಳಲ್ಲಿ ಬೆಳಿಗ್ಗೆ ಹಿರಿಯರಿಗೆ ಹಳೇ ರೇಟು. ಆ ಹೊತ್ತಿಗೆ ಕುರ್ಚಿಗಳು ಹೇಗೂ ಖಾಲಿ ಇರುತ್ತವೆ. 199ರ ಸ್ಟಿಕ್ಕರ್‌ಗಿಂತ ಇದು ಎಷ್ಟೋ ಗೌರವದ ದಾರಿ. ಸ್ಟಿಕ್ಕರ್ ನೋಡಿದ 350ರ ಗಿರಾಕಿಗೆ ತಾನು ಮೋಸಹೋದೆ ಅನ್ನಿಸುತ್ತದೆ.

ಹೆಸರು ಬದಲಾಯಿಸುವ ಚಟವೊಂದಿದೆ. ಅಪ್ಪ ಇಟ್ಟ ದೇವರ ಹೆಸರನ್ನು ತೆಗೆದು ಇನ್ನೇನೋ ಇಡುವುದು, ಇಲ್ಲವೇ ಯಾವುದೋ ಚೈನ್‌ನ ಫ್ರಾಂಚೈಸಿ ಹಿಡಿದು ಅವರ ಬೋರ್ಡು ಹಾಕುವುದು. ಫ್ರಾಂಚೈಸಿಯಲ್ಲಿ ತರಬೇತಿ, ಹೆಸರು ಸಿಗುತ್ತದೆ ನಿಜ. ಶುಲ್ಕ, ರಾಯಲ್ಟಿ ಜೊತೆಗೆ ಅವರು ಹೇಳಿದ ಇಂಟೀರಿಯರ್ ಮಾಡಿಸಲೇಬೇಕು. ತೆರಿಗೆ ಲೆಕ್ಕದಲ್ಲಿ ಆಗಲೇ ನೋಡಿದೆವಲ್ಲ, ವಾಪಸ್ ಬಾರದ ಖರ್ಚೆಲ್ಲ ಅಲ್ಲೇ ಇದೆ. ಮೂವತ್ತು ವರ್ಷ ಒಂದೇ ರಸ್ತೆಯಲ್ಲಿ ನಡೆದ ಹೆಸರನ್ನು ಚೆನ್ನಾಗಿ ಬರೆಸಿ ಉಳಿಸಿಕೊಳ್ಳುವುದರಲ್ಲೇ ಜಾಣತನ ಇದೆ ಅಂತ ನನ್ನ ನಂಬಿಕೆ.

ಮೇಲ್ದರ್ಜೆಗೆ ಹೋಗಲೇಬೇಕು ಅಂತಲೂ ಇಲ್ಲ. ಬೆಂಗಳೂರಿನ ರಮೇಶ್ ಬಾಬು ಕಥೆ ಎಲ್ಲರಿಗೂ ಗೊತ್ತು. ಅಪ್ಪನಿಂದ ಬಂದ ಬ್ರಿಗೇಡ್ ರಸ್ತೆಯ ಕ್ಷೌರದಂಗಡಿ ನಡೆಸುತ್ತಾ 1994ರಲ್ಲಿ ಒಂದು ಮಾರುತಿ ವ್ಯಾನ್ ಬಾಡಿಗೆಗೆ ಬಿಟ್ಟು, 2011ರಲ್ಲಿ ರೋಲ್ಸ್ ರಾಯ್ಸ್ ಘೋಸ್ಟ್ ಕೊಂಡವರು. ಶ್ರೀಮಂತಿಕೆ ಬಂದದ್ದು ಕಾರುಗಳಿಂದ. ಕತ್ತರಿ ಹಿಡಿಯುವುದನ್ನು ಬಿಡಲಿಲ್ಲ, ಕಟಿಂಗ್ ರೇಟನ್ನು ಸಾಮಾನ್ಯರಿಗೆ ಎಟುಕುವಂತೆಯೇ ಇಟ್ಟರು. ಅವರಂತೆ ಎಲ್ಲರೂ ಆಗಲಾರರು. ಆದರೆ ಕೈಯಲ್ಲಿರುವ 12 ಲಕ್ಷವನ್ನು ಗೋಡೆಗೆ ಹಾಕುವ ಬದಲು ಪಕ್ಕದ ಬಡಾವಣೆಯಲ್ಲಿ ಇನ್ನೊಂದು 150ರ ಅಂಗಡಿ ತೆರೆದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳಬೇಕು. ಎರಡೂ ಅಂಗಡಿ ಒಬ್ಬರ ಹೆಸರಲ್ಲೇ ಇದ್ದರೆ ಜಿಎಸ್‌ಟಿ ಮಿತಿಗೆ ಎರಡರ ವ್ಯಾಪಾರವೂ ಸೇರುತ್ತದೆ, ಅದು ಬೇರೆ.

ಕೊನೆಯದಾಗಿ ಕಟ್ಟಡದ ಮಾಲೀಕರು. ನಮ್ಮಲ್ಲಿ ಬಹುತೇಕ ಸಣ್ಣ ಮಳಿಗೆಗಳು ಹನ್ನೊಂದು ತಿಂಗಳ ಕರಾರಿನ ಮೇಲೆ ನಡೆಯುತ್ತವೆ. ಇಪ್ಪತ್ತು ವರ್ಷದಿಂದ ಅದೇ ಕರಾರು ನವೀಕರಣವಾಗುತ್ತಾ ಬಂದಿರುತ್ತದೆ, ಹಾಗಾಗಿ ಭಯವಿಲ್ಲ ಅನ್ನಿಸುತ್ತದೆ. ಗಾಜಿನ ಬಾಗಿಲು ಬಂದು, ಹೊರಗೆ ಕಾರುಗಳು ನಿಲ್ಲಲು ಶುರುವಾದ ದಿನ ಮಾಲೀಕರೂ ಲೆಕ್ಕ ಹಾಕುತ್ತಾರೆ. ಮುಂದಿನ ನವೀಕರಣದಲ್ಲಿ ಬಾಡಿಗೆ ಒಂದೂವರೆ ಪಟ್ಟು ಆಗಬಹುದು, ಇಲ್ಲವೇ ಬಿಡಿ ಅನ್ನಬಹುದು. ಗೋಡೆಗೆ ಅಂಟಿಸಿದ ಕನ್ನಡಿ, ಟೈಲ್ಸ್, ಪ್ಲಂಬಿಂಗ್ ಯಾವುದನ್ನೂ ಕಿತ್ತುಕೊಂಡು ಹೋಗಲಾಗದು. ಹೀಗಾಗಿ ಡಿಸೈನರ್‌ಗೆ ಫೋನ್ ಮಾಡುವ ಮೊದಲು ಮಾಲೀಕರ ಹತ್ತಿರ ಹೋಗಿ. ಕನಿಷ್ಠ ಐದು ವರ್ಷದ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಲೀಸ್ ಕೇಳಿ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಅಡ್ವಾನ್ಸ್ ಎಷ್ಟು, ಬೇಸಿನ್‌ಗೆ ಪೈಪ್ ಹಾಕಲು ಒಪ್ಪಿಗೆ ಇದೆಯಾ, ಶೌಚಾಲಯ ಕಟ್ಟಿಸಬಹುದಾ ಎಂಬುದೆಲ್ಲ ಅದರಲ್ಲಿ ಬರೆದಿರಲಿ. ಅವರು ಒಪ್ಪದಿದ್ದರೆ ಖರ್ಚು ಮಾಡಬೇಕಾದದ್ದು ಎತ್ತಿಕೊಂಡು ಹೋಗಬಹುದಾದ ಕುರ್ಚಿಗೆ ಮತ್ತು ಕೆಲಸಗಾರರ ತರಬೇತಿಗೆ ಮಾತ್ರ.